ಹದಿನೆಂಟು ಅಂಗುಲದ ಮಾಯೆ: ಗೊಂಬೆ, ಕಿರುಲೋಕ ಮತ್ತು ಕನ್ನಡ ಅಧ್ಯಯನ

ಗೊಂಬೆಯಾಟವನ್ನು ಕುರಿತು ಕನ್ನಡ ವಿಭಾಗಗಳಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಮುಗಿದುಹೋಗುತ್ತದೆ: ಅದು ಪ್ರಾಚೀನವಾದುದು, ಅದು ಅಳಿವಿನ ಅಂಚಿನಲ್ಲಿದೆ. ಜಾನಪದ ರಂಗಕಲೆಗಳ ಅಧ್ಯಾಯದ ಕೊನೆಗೆ ತೊಗಲುಗೊಂಬೆ, ಸೂತ್ರದ ಗೊಂಬೆ, ಸಲಾಕೆ ಗೊಂಬೆ ಎಂಬ ವಿಂಗಡಣೆಯನ್ನು ಕೊಟ್ಟು, ಒಂದೆರಡು ಛಾಯಾಚಿತ್ರಗಳನ್ನು ಸೇರಿಸಿ, ಸರ್ಕಾರದ ಪ್ರೋತ್ಸಾಹ ಬೇಕೆಂಬ ಬೇಡಿಕೆಯೊಂದಿಗೆ ಪ್ರಬಂಧಕಾರರು ಮುಂದಿನ ಅಧ್ಯಾಯಕ್ಕೆ ಹೊರಡುತ್ತಾರೆ. ಗೊಂಬೆಯಾಟವೆಂಬುದು ಸಾಹಿತ್ಯ ಪಠ್ಯವೊಂದನ್ನು ಓದುವ ಕ್ರಮ, ಅದೂ ಅತ್ಯಂತ ಕಟ್ಟುನಿಟ್ಟಾದ ಕ್ರಮ, ಎಂಬ ನೆಲೆಯಿಂದ ಪ್ರಶ್ನೆಗಳು ಏಳುವುದು ಅಪರೂಪ.

ಈ ಪ್ರಶ್ನೆಗೆ ಈಚೆಗೆ ಹೊಸ ತುರ್ತೊಂದು ಒದಗಿದೆ. ಕಥೆ ಕಾದಂಬರಿಗಳ ಲೋಕವನ್ನು ಪೆಟ್ಟಿಗೆಯಷ್ಟು ಜಾಗದಲ್ಲಿ ಕಟ್ಟಿ ನಿಲ್ಲಿಸುವ ಡಯೋರಾಮ, ಅದೇ ಕಿರುಲೋಕದ ಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸುತ್ತ ಒಂದೊಂದೇ ಚಿತ್ರ ತೆಗೆದು ಚಲನೆ ಬರಿಸುವ ಅನಿಮೇಷನ್, ಇವೆರಡೂ ಈಗ ದೊಡ್ಡ ಸ್ಟುಡಿಯೋಗಳ ಸ್ವತ್ತಾಗಿ ಉಳಿದಿಲ್ಲ. ಮೊಬೈಲ್ ಫೋನು, ಮೇಜುದೀಪ, ಥರ್ಮೊಕೋಲು, ಜೇಡಿಮಣ್ಣು ಇದ್ದರೆ ಕಾಲೇಜು ವಿದ್ಯಾರ್ಥಿಯೂ ಕೈಹಾಕಬಹುದಾದ ಕೆಲಸಗಳಿವು. ಆದರೆ ಈ ಹವ್ಯಾಸಕ್ಕೆ ಜಗತ್ತಿನಾದ್ಯಂತ ಮಾದರಿಯಾಗಿ ನಿಂತಿರುವುದು ಹೆಚ್ಚಾಗಿ ಇಂಗ್ಲಿಷಿನ ಮಂತ್ರವಿದ್ಯೆಯ ಕಾದಂಬರಿಗಳು: ಹ್ಯಾರಿ ಪಾಟರನ ಶಾಲೆ, ಅದರ ಕೋಟೆ, ಅದರ ಮೇಣದಬತ್ತಿಗಳು. ಇದರಲ್ಲಿ ತಪ್ಪೇನೂ ಇಲ್ಲ. ಓದಿದ್ದನ್ನು ಕಟ್ಟುವ ಆಸೆ ಓದಿನಷ್ಟೇ ಸಹಜ. ಪ್ರಶ್ನೆ ಬೇರೆ. ಮಾಯೆಯನ್ನೂ ಸಾಹಿತ್ಯವನ್ನೂ ಅಂಗೈಯಗಲದ ರಂಗದಲ್ಲಿ ಕೂಡಿಸುವ ವಿದ್ಯೆ ತಲೆಮಾರುಗಳಿಂದ ಬದುಕಿಬಂದ ನೆಲವೊಂದು ಕನ್ನಡದಲ್ಲಿಯೇ ಇರುವಾಗ, ಆ ವಿದ್ಯೆಯನ್ನು ಈ ಹೊಸ ಕೈಗಳಿಗೆ ದಾಟಿಸುವ ಹೊಣೆ ಯಾರದು? ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಕಡಲತಡಿಯನ್ನು ಮುಂದಿಟ್ಟುಕೊಂಡು ನೋಡಿದರೆ, ಆ ಹೊಣೆ ಕನ್ನಡ ವಿಭಾಗಗಳದೇ ಎಂಬುದಕ್ಕೆ ಸಾಕಷ್ಟು ಆಧಾರಗಳು ದೊರೆಯುತ್ತವೆ.

ಪಂಚಗಂಗಾವಳಿಯ ನೀರಿನ ನಡುವೆ, ಕುಂದಾಪುರಕ್ಕೆ ಸಮೀಪದಲ್ಲಿರುವ ಉಪ್ಪಿನಕುದ್ರು ಯಕ್ಷಗಾನ ಗೊಂಬೆಯಾಟದ ನೆಲೆ. ಕುದ್ರು ಎಂದರೆ ಹೊಳೆಯ ನಡುಗಡ್ಡೆ. ಇಲ್ಲಿನ ಶ್ರೀ ಗಣೇಶ ಯಕ್ಷಗಾನ ಗೊಂಬೆಯಾಟ ಮಂಡಳಿಯ ಇತಿಹಾಸವನ್ನು ಮನೆತನದ ನಂಬಿಕೆ ಸುಮಾರು 350 ವರ್ಷಗಳಷ್ಟು ಹಿಂದಕ್ಕೆ ಒಯ್ಯುತ್ತದೆ. ಈ ಆಟಕ್ಕೆ ಇಂದಿನ ರೂಪ ಕೊಟ್ಟವರೆಂದು ಲಕ್ಷ್ಮಣ ಕಾಮತರ ಹೆಸರನ್ನು ಹೇಳುವುದು ವಾಡಿಕೆ. ಅದೇ ಮನೆತನದ ಕೊಗ್ಗ ದೇವಣ್ಣ ಕಾಮತರು (1921–2003) ಇದನ್ನು ಕರಾವಳಿಯ ಆಚೆಗೆ, ದೇಶದ ಆಚೆಗೂ ಕೊಂಡೊಯ್ದರು. 1980ರ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಅವರಿಗೆ ಸಂದಿತು. ಅವರ ನಂತರ ಮಗ ಭಾಸ್ಕರ ಕೊಗ್ಗ ಕಾಮತರು ಮಂಡಳಿಯ ಹೊಣೆ ಹೊತ್ತರು. ತೆಂಕುತಿಟ್ಟಿನಲ್ಲಿ ಇದೇ ಬಗೆಯ ಕೆಲಸವನ್ನು ಕಾಸರಗೋಡಿನ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ ಮಾಡಿದೆ. ಇಷ್ಟು ವಿವರ ಯಾವ ಪರಿಚಯ ಲೇಖನದಲ್ಲಿಯೂ ಸಿಗುತ್ತದೆ. ಪರಿಚಯ ಲೇಖನಗಳು ನಿಲ್ಲುವುದೂ ಇಲ್ಲಿಯೇ.

ಉಪ್ಪಿನಕುದ್ರುವಿನ ಗೊಂಬೆ ಸುಮಾರು ಹದಿನೆಂಟು ಅಂಗುಲ ಎತ್ತರದ್ದು. ವೇಷ ಕಟ್ಟಿ ಮುಂಡಾಸು ಇಟ್ಟ ಬಡಗುತಿಟ್ಟಿನ ಕಲಾವಿದನೊಬ್ಬ ಹತ್ತಿರ ಹತ್ತಿರ ಆರಡಿ ಕಾಣಿಸುತ್ತಾನೆಂದುಕೊಂಡರೆ ಗೊಂಬೆ ಅವನ ನಾಲ್ಕನೆಯ ಒಂದು ಭಾಗ. ಈ ಲೆಕ್ಕ ಕೇವಲ ಕುತೂಹಲದ್ದಲ್ಲ. ನಾಲ್ಕನೆಯ ಒಂದಕ್ಕೆ ಇಳಿದಾಗ ಯಾವುದು ಕುಗ್ಗುತ್ತದೆ, ಯಾವುದು ಕುಗ್ಗಲು ಒಪ್ಪುವುದಿಲ್ಲ ಎಂಬುದರಲ್ಲಿಯೇ ಈ ಕಲೆಯ ಅಷ್ಟೂ ಮೀಮಾಂಸೆ ಅಡಗಿದೆ. ಮರ ಕುಗ್ಗುತ್ತದೆ, ಕೆತ್ತುವವನ ಉಳಿ ಹೇಳಿದಂತೆ ಕೇಳುತ್ತದೆ. ಬಟ್ಟೆ ಕುಗ್ಗುವುದಿಲ್ಲ. ಮನುಷ್ಯ ಉಡುವ ಕಸೆ ಸೀರೆಯ ಚೌಕುಳಿ ಹಾಗೆಯೇ ಗೊಂಬೆಯ ಮೈಮೇಲೆ ಬಂದರೆ ಎರಡು ಚೌಕಗಳಲ್ಲಿ ಅರ್ಜುನ ಮುಗಿದುಹೋಗುತ್ತಾನೆ. ನೂಲಿನ ದಪ್ಪ ಅಷ್ಟೇ ಇರುವುದರಿಂದ ನೆರಿಗೆ ಬಿರುಸಾಗಿ ನಿಲ್ಲುತ್ತದೆ, ಇಳಿಬೀಳುವುದಿಲ್ಲ. ಎದೆಕಟ್ಟು, ಭುಜಕೀರ್ತಿಗಳ ಮೇಲಿನ ಬೇಗಡೆಯ ಹೊಳಪೂ ಕುಗ್ಗುವುದಿಲ್ಲ. ಬೆಳಕು ಗೊಂಬೆಗೆ ರಿಯಾಯಿತಿ ಕೊಡುವುದಿಲ್ಲವಾದ್ದರಿಂದ ಸಣ್ಣ ಮೈಮೇಲೆ ಅದು ಅತಿಯಾಗುತ್ತದೆ. ಆದ್ದರಿಂದ ಗೊಂಬೆಯ ವೇಷ ಕಟ್ಟುವವನು ಮನುಷ್ಯವೇಷವನ್ನು ನಕಲು ಮಾಡಲಾರ, ಅದನ್ನು ಓದಿ ಬೇಕಾದುದನ್ನು ಆಯ್ದುಕೊಳ್ಳಬೇಕಾಗುತ್ತದೆ. ಕೇದಗೆ ಮುಂದಲೆಯಲ್ಲಿ ದೂರದಿಂದಲೂ ಗುರುತು ಹಿಡಿಯಬೇಕಾದ ರೇಖೆ ಯಾವುದು, ಬಿಟ್ಟರೆ ನಡೆಯುವ ಅಲಂಕಾರ ಯಾವುದು ಎಂಬ ವಿವೇಚನೆ ಅವನ ಕೈಗೆ ಬಂದಿರಬೇಕು. ಅಲಂಕಾರಶಾಸ್ತ್ರದ ತರಗತಿಯಲ್ಲಿ ಅನಿವಾರ್ಯ ಅಲಂಕಾರ, ಅನವಶ್ಯಕ ಅಲಂಕಾರ ಎಂದು ವರ್ಷವಿಡೀ ಹೇಳುವ ಮಾತು ಇದೇ.

ಕಾಲವೂ ಕುಗ್ಗುವುದಿಲ್ಲ. ನೇತುಬಿದ್ದ ವಸ್ತುವಿನ ತೂಗಾಟ ಅದರ ಉದ್ದದ ವರ್ಗಮೂಲವನ್ನು ಅವಲಂಬಿಸಿರುತ್ತದೆಂಬುದು ಶಾಲೆಯ ಭೌತವಿಜ್ಞಾನದ ಪಾಠ. ನಾಲ್ಕನೆಯ ಒಂದು ಅಳತೆಯ ಗೊಂಬೆಯ ಕೈ, ಮನುಷ್ಯನ ಕೈ ಒಮ್ಮೆ ತೂಗುವಷ್ಟರಲ್ಲಿ, ತನ್ನಷ್ಟಕ್ಕೆ ಬಿಟ್ಟರೆ ಎರಡು ಬಾರಿ ತೂಗುತ್ತದೆ. ಭಾಗವತರ ಪದವಾದರೋ ಮದ್ದಳೆ ಚೆಂಡೆಗಳೊಂದಿಗೆ ಯಕ್ಷಗಾನದ ತಾಳದಲ್ಲಿಯೇ, ಮನುಷ್ಯನ ಉಸಿರಿನ ಅಳತೆಯಲ್ಲಿಯೇ ನಡೆಯುತ್ತಿರುತ್ತದೆ. ಗೊಂಬೆಯ ಮೈಗೆ ಒಂದು ಲಯ, ಪದಕ್ಕೆ ಇನ್ನೊಂದು ಲಯ. ಇವೆರಡರ ಜಗಳವನ್ನು ದಾರದ ಬಿಗಿ ಸಡಿಲಗಳಲ್ಲಿ ಬಗೆಹರಿಸುವುದು ಸೂತ್ರಧಾರನ ಕೆಲಸ. ಚಲನಚಿತ್ರದವರು ಇದೇ ಸಮಸ್ಯೆಗೆ ಬೇರೆ ಪರಿಹಾರ ಕಂಡುಕೊಂಡರು. ನಾಲ್ಕನೆಯ ಒಂದು ಅಳತೆಯ ಹಡಗು ಮುಳುಗುವುದನ್ನು ತೋರಿಸಬೇಕಾದರೆ ಕ್ಯಾಮೆರಾವನ್ನು ಎರಡರಷ್ಟು ವೇಗದಲ್ಲಿ, ಸೆಕೆಂಡಿಗೆ 24ರ ಬದಲು 48 ಚಿತ್ರಗಳಂತೆ ಓಡಿಸಿ, ಮಾಮೂಲು ವೇಗದಲ್ಲಿ ತೋರಿಸಿದರೆ ಆಟಿಕೆಯ ಹಡಗಿಗೆ ನಿಜಹಡಗಿನ ಭಾರ ಬರುತ್ತದೆ. ಗೊಂಬೆಯನ್ನು ಒಂದೊಂದೇ ಭಂಗಿಯಲ್ಲಿ ನಿಲ್ಲಿಸಿ ಚಿತ್ರ ತೆಗೆಯುವ ಅನಿಮೇಷನ್‌ನಲ್ಲಿ ಒಂದು ನಿಮಿಷಕ್ಕೆ 1440 ಚಿತ್ರಗಳು ಬೇಕು. ಒಂದೊಂದು ಭಂಗಿಯನ್ನು ಎರಡೆರಡು ಬಾರಿ ಬಳಸಿದರೂ 720 ಭಂಗಿಗಳು. ಅಲ್ಲಿ ಲಯವನ್ನು ಎಣಿಸಿ ಕಟ್ಟುತ್ತಾರೆ, ಉಪ್ಪಿನಕುದ್ರುವಿನಲ್ಲಿ ಕೇಳಿ ಕಟ್ಟುತ್ತಾರೆ. ವ್ಯತ್ಯಾಸ ಇಷ್ಟೇ ಎಂದರೆ ಉತ್ಪ್ರೇಕ್ಷೆಯಾದೀತು; ಆದರೆ ಎರಡೂ ಒಂದೇ ಸಮಸ್ಯೆಯ ಸುತ್ತ ಬೆಳೆದ ವಿದ್ಯೆಗಳೆಂಬುದರಲ್ಲಿ ಸಂದೇಹವಿಲ್ಲ.

ಬ್ರಹ್ಮಾವರದ ಆಸುಪಾಸಿನ ಹಾರಾಡಿ, ಮಟಪಾಡಿ ಊರುಗಳ ಹೆಸರಿನಲ್ಲಿ ಬಡಗುತಿಟ್ಟಿನ ಎರಡು ಕುಣಿತದ ಶೈಲಿಗಳೇ ಬೆಳೆದುಬಂದಿವೆ. ಮನುಷ್ಯನ ಕುಣಿತದಲ್ಲಿ ಹೆಜ್ಜೆ ನೆಲವನ್ನು ಮೆಟ್ಟುತ್ತದೆ, ಗೆಜ್ಜೆ ಅದಕ್ಕೆ ಸಾಕ್ಷಿ ಹೇಳುತ್ತದೆ. ಗೊಂಬೆಗೆ ನೆಲವೇ ಬೇಡ. ಅದರ ಭಾರವೆಲ್ಲ ಮೇಲಿನ ದಾರದಲ್ಲಿ. ಜರ್ಮನ್ ಲೇಖಕ ಕ್ಲೈಸ್ಟ್ 1810ರಲ್ಲಿ ಬರೆದ ಸೂತ್ರದ ಗೊಂಬೆಯ ಮೇಲಿನ ಪ್ರಬಂಧದಲ್ಲಿ ಈ ಗುಣವನ್ನೇ ಎತ್ತಿ ಹೇಳಿ, ಮನುಷ್ಯ ನರ್ತಕನಿಗೆ ಇಲ್ಲದ ಸೊಬಗು ಗೊಂಬೆಗಿದೆ ಎಂದು ವಾದಿಸುತ್ತಾನೆ. ಯಕ್ಷಗಾನದ ಗೊಂಬೆಯಾಟ ಈ ವಾದಕ್ಕೆ ಅಡ್ಡಬರುತ್ತದೆ. ಇಲ್ಲಿ ಗೊಂಬೆಯೂ ನೆಲ ಮೆಟ್ಟಿದಂತೆ ಕಾಣಬೇಕು, ಮದ್ದಳೆಯ ಪೆಟ್ಟಿಗೆ ಹೆಜ್ಜೆ ಬೀಳಬೇಕು. ಭಾರವಿಲ್ಲದ ಮೈಗೆ ಭಾರದ ಭ್ರಮೆ ಬರಿಸುವುದು ಇಲ್ಲಿನ ಸೂತ್ರಧಾರನ ಹಟ. ಯುರೋಪಿನ ರಮ್ಯ ಪಂಥದ ಗೊಂಬೆ ನೆಲದಿಂದ ಬಿಡುಗಡೆ ಬಯಸಿದರೆ ಕರಾವಳಿಯ ಗೊಂಬೆ ನೆಲವನ್ನು ಬಯಸುತ್ತದೆ. ತೌಲನಿಕ ಕಾವ್ಯಮೀಮಾಂಸೆಯ ಒಂದು ಇಡೀ ಪ್ರಬಂಧಕ್ಕೆ ಆಗುವಷ್ಟು ವಿಷಯ ಇಲ್ಲಿದೆ.

ಅನಿಮೇಷನ್ ಎಂಬ ಪದದ ಬಗೆಗೂ ಒಂದು ಮಾತು. ಲ್ಯಾಟಿನ್ನಿನ ಪ್ರಾಣವಾಚಿ ಶಬ್ದದಿಂದ ಬಂದ ಈ ಪದಕ್ಕೂ ಸಂಸ್ಕೃತದ 'ಅನಿಮೇಷ'ಕ್ಕೂ ವ್ಯುತ್ಪತ್ತಿಯ ನಂಟಿಲ್ಲ. ಆದರೂ ಕನ್ನಡ ಕಿವಿಗೆ ಈ ಸಾಮ್ಯ ಅರ್ಥಪೂರ್ಣವಾಗಿಯೇ ಕೇಳಿಸುತ್ತದೆ. ಅನಿಮಿಷರೆಂದರೆ ಎವೆಯಿಕ್ಕದವರು, ದೇವತೆಗಳು. ಹರಿಹರನ ರಗಳೆಯಲ್ಲಿ ಅಲ್ಲಮನಿಗೆ ಲಿಂಗ ದೊರೆಯುವುದು ಹೂತುಹೋದ ಗುಡಿಯೊಳಗೆ ಕಣ್ಣೆವೆ ಅಲುಗದೆ ಕುಳಿತ ಅನಿಮಿಷನ ಕೈಯಿಂದ. ಮರದ ಗೊಂಬೆಯೂ ಅನಿಮಿಷವೇ. ಕೆತ್ತಿದ ಕಣ್ಣು ಮುಚ್ಚುವುದಿಲ್ಲ. ರಾವಣನ ಸಿಟ್ಟೂ ಸೀತೆಯ ದುಃಖವೂ ಅದೇ ತೆರೆದ ಕಣ್ಣಿನಲ್ಲಿ ತೋರಬೇಕು. ಅದು ತೋರುವುದು ತಲೆಯ ವಾಲಿಕೆಯಿಂದ, ಹಣೆಯಿಂದ ಇಳಿದ ನೆರಳು ಕಣ್ಣಿನ ಮೇಲೆ ಬಿದ್ದು ಸರಿಯುವುದರಿಂದ, ಮರೆಯಿಂದ ಬರುವ ಅರ್ಥದ ದನಿಯಿಂದ. ಕಣ್ಣು ಬದಲಾಗದೆ ಭಾವ ಬದಲಾಗುವ ಈ ಚಮತ್ಕಾರದಲ್ಲಿ ಪ್ರೇಕ್ಷಕನ ಪಾಲೇ ದೊಡ್ಡದು. ರಸ ಇರುವುದು ನಟನಲ್ಲಿಯೋ ಸಹೃದಯನಲ್ಲಿಯೋ ಎಂಬ ಹಳೆಯ ವಾದಕ್ಕೆ ಗೊಂಬೆಯಷ್ಟು ನೇರವಾದ ಉದಾಹರಣೆ ಬೇರೆ ದೊರೆಯದು, ಏಕೆಂದರೆ ಗೊಂಬೆಯಲ್ಲಿ ರಸವಿಲ್ಲವೆಂಬುದು ನಿರ್ವಿವಾದ.

ಗೊಂಬೆಯನ್ನೂ ಮಾಯೆಯನ್ನೂ ಕೂಡಿಸುವುದು ಭಾರತೀಯ ಕಥಾಪರಂಪರೆಗೆ ಹೊಸತಲ್ಲ. ಸೋಮದೇವನ ಕಥಾಸರಿತ್ಸಾಗರದಲ್ಲಿ ಮಯಾಸುರನ ಮಗಳು ಸೋಮಪ್ರಭೆ ತನ್ನ ಗೆಳತಿ ಕಲಿಂಗಸೇನೆಗೆ ಬುಟ್ಟಿ ತುಂಬ ಯಂತ್ರದ ಗೊಂಬೆಗಳನ್ನು ತಂದು ತೋರಿಸುತ್ತಾಳೆ; ಒಂದು ಹೂಮಾಲೆ ತರುತ್ತದೆ, ಒಂದು ನೀರು ತರುತ್ತದೆ, ಒಂದು ಕುಣಿಯುತ್ತದೆ. ಮಯನೇ ಇಂದ್ರಪ್ರಸ್ಥದಲ್ಲಿ ನೆಲವನ್ನು ನೀರೆಂದೂ ನೀರನ್ನು ನೆಲವೆಂದೂ ತೋರಿಸಿದ ಸಭೆಯನ್ನು ಕಟ್ಟಿದವನು. ಭೋಜನ ಹೆಸರಿನಲ್ಲಿರುವ ಸಮರಾಂಗಣ ಸೂತ್ರಧಾರದಲ್ಲಿ ಯಂತ್ರಗಳಿಗೇ ಒಂದು ಅಧ್ಯಾಯ ಮೀಸಲು. ಬತ್ತೀಸ ಪುತ್ಥಳಿಯ ಕಥೆಗಳಲ್ಲಿ ಸಿಂಹಾಸನದ ಗೊಂಬೆಗಳೇ ಕಥೆ ಹೇಳಿ ಅರಸನ ಯೋಗ್ಯತೆಯನ್ನು ಅಳೆಯುತ್ತವೆ. ಈ ಕಥೆಗಳಲ್ಲಿ ಗೊಂಬೆ ಬೆರಗು ಹುಟ್ಟಿಸುವಷ್ಟಕ್ಕೆ ನಿಲ್ಲುವುದಿಲ್ಲ, ನೋಡುವವನನ್ನು ಪರೀಕ್ಷಿಸುತ್ತದೆ. ದುರ್ಯೋಧನ ಮಯಸಭೆಯಲ್ಲಿ ಸೋತದ್ದು ನೋಡುವುದರಲ್ಲಿ.

ಚಲನಚಿತ್ರದ ಆರಂಭದ ಇತಿಹಾಸವೂ ಈ ಪರಂಪರೆಯ ಪಕ್ಕದಲ್ಲಿಯೇ ಇದೆ. 1902ರಲ್ಲಿ ಚಂದ್ರಯಾನದ ಚಿತ್ರ ತೆಗೆದ ಫ್ರಾನ್ಸಿನ ಮೆಲಿಯೆ ಮೂಲತಃ ರಂಗದ ಮೇಲಿನ ಇಂದ್ರಜಾಲಿಗ. ದಾದಾಸಾಹೇಬ ಫಾಲ್ಕೆಯವರೂ ತಮ್ಮ ಹೆಸರನ್ನು ತಿರುವುಮುರುವು ಮಾಡಿ 'ಪ್ರೊಫೆಸರ್ ಕೇಲ್ಫಾ' ಎಂದು ಜಾದೂ ಪ್ರದರ್ಶನ ಕೊಟ್ಟವರು. ಬೆಂಕಿಕಡ್ಡಿಗಳನ್ನು ಒಂದೊಂದೇ ಚಿತ್ರವಾಗಿ ಸೆರೆಹಿಡಿದು ಕುಣಿಸಿದವರು. ಅವರು 1917ರಲ್ಲಿ ಆರಿಸಿಕೊಂಡ ವಸ್ತು ಲಂಕಾದಹನ. ಉಪ್ಪಿನಕುದ್ರುವಿನ ಮಂಡಳಿ ಆಡುವ ಪ್ರಸಂಗಗಳಲ್ಲಿಯೂ ಲಂಕಾದಹನವಿದೆ. ಇದನ್ನು ಆಕಸ್ಮಿಕವೆನ್ನಲಾಗದು. ಸಮುದ್ರ ದಾಟುವ ಹನುಮಂತನ ಮೈ ಹಿಗ್ಗುವುದು, ಕುಗ್ಗುವುದು, ಬಾಲ ಬೆಳೆಯುವುದು, ಊರು ಉರಿಯುವುದು, ಇವನ್ನೆಲ್ಲ ಮನುಷ್ಯ ನಟ ಅಭಿನಯಿಸಬಲ್ಲ, ಆಗಿ ತೋರಲಾರ. ಅಳತೆಯೇ ಕಥೆಯ ವಸ್ತುವಾದಾಗ ಅಳತೆಯೊಂದಿಗೆ ಆಡಬಲ್ಲ ಮಾಧ್ಯಮವೇ ಬೇಕಾಗುತ್ತದೆ. ಯಾವ ಪ್ರಸಂಗ ಗೊಂಬೆಗೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬ ಆಯ್ಕೆಯ ಹಿಂದೆ ಹೀಗೊಂದು ವಿಮರ್ಶೆ ಕೆಲಸ ಮಾಡಿರುತ್ತದೆ.

ಇದೇ ವಿಮರ್ಶೆಯನ್ನು ಆಧುನಿಕ ಸಾಹಿತ್ಯಕ್ಕೆ ಅನ್ವಯಿಸಲು ಈ ಮೂರು ತಾಲ್ಲೂಕುಗಳಷ್ಟು ಸಮೃದ್ಧವಾದ ಜಾಗ ಮತ್ತೊಂದಿಲ್ಲ. ಬ್ರಹ್ಮಾವರ ತಾಲ್ಲೂಕಿನ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ (1902–1997) 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ 1977ರ ಜ್ಞಾನಪೀಠ ದೊರೆತವು. ಮೂಕಜ್ಜಿ ಮಾಂತ್ರಿಕಳಲ್ಲ, ಕಾರಂತರಿಗೆ ಮಂತ್ರದಲ್ಲಿ ನಂಬಿಕೆಯಿರಲಿಲ್ಲ. ಆದರೂ ಮೊಮ್ಮಗ ಸುಬ್ಬರಾಯ ತಂದು ಕೈಗಿಡುವ ವಸ್ತುಗಳನ್ನು ಮುಟ್ಟಿ ಅವುಗಳ ಹಿಂದಿನ ಕಾಲವನ್ನು ಕಾಣುವ ಅಜ್ಜಿಯ ಶಕ್ತಿಗೆ ಕಾದಂಬರಿ ವಿವರಣೆಯ ಹಂಗು ಇಟ್ಟುಕೊಳ್ಳುವುದಿಲ್ಲ. ಸಣ್ಣ ತುಣುಕೊಂದರಿಂದ ಇಡೀ ಲೋಕವೊಂದು ತೆರೆದುಕೊಳ್ಳುತ್ತದೆ. ಡಯೋರಾಮದ ತರ್ಕವೂ ಇದೇ. ಹಾಗಾದರೆ ಈ ಕಾದಂಬರಿಯನ್ನು ಕಿರುಲೋಕವಾಗಿ ಕಟ್ಟುವವನು ಏನನ್ನು ಕಟ್ಟಬೇಕು? ಅಜ್ಜಿ ಕಂಡ ಆದಿಮಾನವರ ಗುಹೆಯನ್ನೇ? ಅಥವಾ ಅಜ್ಜಿ, ಮೊಮ್ಮಗ, ಅವರ ನಡುವೆ ಕೈಯಲ್ಲೊಂದು ತುಣುಕು, ಇಷ್ಟನ್ನೇ? ಮೊದಲನೆಯದನ್ನು ಆರಿಸಿದರೆ ಕಾದಂಬರಿ ಇತಿಹಾಸದ ಚಿತ್ರಪಟವಾಗುತ್ತದೆ. ಎರಡನೆಯದನ್ನು ಆರಿಸಿದರೆ ಕನಸು ಮಾತಿನಲ್ಲಿಯೇ ಉಳಿಯುತ್ತದೆ, ಕಾರಂತರು ಉಳಿಸಿದಂತೆ. ಪಿ. ಶೇಷಾದ್ರಿಯವರು 2019ರಲ್ಲಿ ಇದನ್ನು ಚಲನಚಿತ್ರವಾಗಿಸಿದಾಗಲೂ ಈ ಪ್ರಶ್ನೆಯನ್ನು ಎದುರಿಸದೆ ಗತ್ಯಂತರವಿರಲಿಲ್ಲ. ಅನಿಮೇಷನ್ನಿಗೆ ಇಲ್ಲಿ ಆಮಿಷ ಹೆಚ್ಚು. ಹೊಗೆ, ಹೊಳಪು, ಕರಗುವ ಅಂಚುಗಳು ಅದಕ್ಕೆ ಸುಲಭವಾಗಿ ಒದಗುತ್ತವೆ. ಅಜ್ಜಿಯ ನೋಟಕ್ಕೆ ಹೊಳಪು ಬಳಿದ ಗಳಿಗೆಯಲ್ಲಿಯೇ ಅವಳು ಕಣಿ ಹೇಳುವವಳಾಗಿಬಿಡುತ್ತಾಳೆ.

'ಮರಳಿ ಮಣ್ಣಿಗೆ'ಯ ಸವಾಲು ಬೇರೆ ಜಾತಿಯದು. ಕೋಡಿಯ ಕಡಲ ಮಗ್ಗುಲಿನ ಮನೆ, ಮೂರು ತಲೆಮಾರು. ಪೆಟ್ಟಿಗೆಯಷ್ಟು ಜಾಗದಲ್ಲಿ ಆ ಮನೆಯನ್ನು ಕಟ್ಟಹೊರಟವನ ಮುಂದೆ ಮೊದಲ ದಿನವೇ ನಿಲ್ಲುವ ಪ್ರಶ್ನೆ: ಮಾಡು ಹುಲ್ಲಿನದೋ ಹೆಂಚಿನದೋ? ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಆರಂಭವಾದದ್ದು 1865ರಲ್ಲಿ. ಅಲ್ಲಿಂದ ಹೆಂಚು ಊರೂರಿಗೆ ಹೋದದ್ದು, ಯಾರ ಮನೆಗೆ ಮೊದಲು ಹೋಯಿತು, ಯಾರ ಮನೆಗೆ ಹೋಗಲಿಲ್ಲ ಎಂಬುದೆಲ್ಲ ಕರಾವಳಿಯ ಸಾಮಾಜಿಕ ಚರಿತ್ರೆ. ಗೋಡೆ ಮಣ್ಣಿನದೋ ಮುರಕಲ್ಲಿನದೋ? ಮನೆಯಿಂದ ಕಡಲಿಗೆ ಎಷ್ಟು ದೂರ, ಹೊಳೆಗೆ ಎಷ್ಟು? ಹೆಂಗಸರು ಸೌದೆ, ಸೊಪ್ಪು ಹೊತ್ತು ತರುವ ದಾರಿ ಯಾವ ಕಡೆಯದು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಕಾದಂಬರಿಯನ್ನು ಪುಟಪುಟವಾಗಿ ಮತ್ತೆ ಓದಲೇಬೇಕು. ಸ್ತ್ರೀವಾದಿ ಓದಿನ ಹೆಸರಿನಲ್ಲಿ ಈ ಕಾದಂಬರಿಯ ಹೆಂಗಸರ ದುಡಿಮೆಯನ್ನು ಕುರಿತು ಸಾಕಷ್ಟು ಬರೆಯಬಹುದು. ಆದರೆ ಆ ದುಡಿಮೆಯ ಹಾದಿಯನ್ನು ಅಳತೆಗೋಲಿಟ್ಟು ಮರಳಿನಲ್ಲಿ ಎಳೆಯುವವನಿಗೆ ದೊರೆಯುವ ತಿಳಿವಳಿಕೆಗೆ ಬೇರೆಯದೇ ತೂಕವಿದೆ. ಬರೆಯುವ ವಿಮರ್ಶಕ 'ಕಡಲ ಸಮೀಪದ ಮನೆ' ಎಂದು ಜಾರಿಕೊಳ್ಳಬಹುದು. ಕಟ್ಟುವವನಿಗೆ ಆ ಸೌಲಭ್ಯವಿಲ್ಲ.

ಕುಂದಾಪುರದ ವೈದೇಹಿಯವರ ಕಥೆಗಳ ಲೋಕವಂತೂ ಅಳತೆಯಲ್ಲಿಯೇ ಡಯೋರಾಮಕ್ಕೆ ಹತ್ತಿರ: ಅಡುಗೆಮನೆ, ಅಟ್ಟ, ಹಿತ್ತಿಲು, ಜಗಲಿಗೂ ಒಳಮನೆಗೂ ನಡುವಿನ ಬಾಗಿಲು. ಮಕ್ಕಳಿಗಾಗಿ ಅವರು ಬರೆದ ನಾಟಕಗಳಲ್ಲಿ 'ಗೊಂಬೆ ಮ್ಯಾಕ್‌ಬೆತ್' ಎಂಬುದೂ ಒಂದು. ಮಾಟಗಾತಿಯರೂ ಕೊಲೆಯೂ ಇರುವ ಇಂಗ್ಲಿಷ್ ದುರಂತವೊಂದನ್ನು ಮಕ್ಕಳೆದುರಿಗೆ ತರಲು ಕುಂದಾಪುರದ ಲೇಖಕಿಗೆ ಗೊಂಬೆಯ ನೆನಪಾದದ್ದು ಗಮನಾರ್ಹ. ಚಂಪಾ ಶೆಟ್ಟಿಯವರ 'ಅಮ್ಮಚ್ಚಿಯೆಂಬ ನೆನಪು' (2018) ಚಿತ್ರ ವೈದೇಹಿಯವರ ಕಥೆಗಳನ್ನು ಕುಂದಗನ್ನಡದ ದನಿಯೊಂದಿಗೆ ತೆರೆಗೆ ತಂದಿತು. ದನಿಯ ಈ ಪ್ರಶ್ನೆ ಕಿರುಲೋಕ ಕಟ್ಟುವವರಿಗೆ ಸಣ್ಣದಲ್ಲ. ಶಿಷ್ಟಗನ್ನಡದಲ್ಲಿ ಮಾತಾಡುವ ಅಡುಗೆಮನೆಯೊಂದನ್ನು ಎಷ್ಟು ಚೆಂದವಾಗಿ ಕಟ್ಟಿದರೂ ಅದು ಈ ಊರಿನದಾಗದು. ಬೈಂದೂರು ತಾಲ್ಲೂಕಿನ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರ ಕಾವ್ಯಕ್ಕಾದರೋ ಡಯೋರಾಮ ಒಗ್ಗಲಾರದು. ಅಲ್ಲಿ ಪ್ರತಿಮೆಗಳು ನಿಲ್ಲುವುದಿಲ್ಲ, ಒಂದು ಇನ್ನೊಂದಾಗುತ್ತ ಹೋಗುತ್ತವೆ. ಜೇಡಿಮಣ್ಣನ್ನು ಕ್ಷಣಕ್ಷಣಕ್ಕೂ ಬೇರೆ ಆಕಾರಕ್ಕೆ ತರುವ ಅನಿಮೇಷನ್ನೇ ಅದಕ್ಕೆ ತಕ್ಕುದು. ಯಾವ ಲೇಖಕನಿಗೆ ಯಾವ ಮಾಧ್ಯಮ ಎಂದು ತರಗತಿಯಲ್ಲಿ ಚರ್ಚಿಸುವುದೇ ಶೈಲಿಯ ಚರ್ಚೆ.

ಇದಕ್ಕೆ ಬರುವ ಆಕ್ಷೇಪಣೆಗಳು ಊಹಿಸಬಹುದಾದವು. ಇದು ಚಿತ್ರಕಲಾ ಶಾಲೆಯ ಕೆಲಸ, ಕನ್ನಡ ವಿಭಾಗದ್ದಲ್ಲ ಎಂಬುದು ಒಂದು. ಯಕ್ಷಗಾನದ ಬಗೆಗೂ ಒಂದು ಕಾಲಕ್ಕೆ ಇಂಥ ಮಾತೇ ಕೇಳಿಬರುತ್ತಿತ್ತು. ಪ್ರಸಂಗಗಳು ಸಾಹಿತ್ಯವೇ ಅಲ್ಲವೆಂದವರೂ ಇದ್ದರು. ಇದು ಮಕ್ಕಳಾಟ ಎಂಬುದು ಮತ್ತೊಂದು. 'ಬಾಲ ಪ್ರಪಂಚ'ದ ಸಂಪುಟಗಳನ್ನು ಒಬ್ಬರೇ ಕೂತು ರಚಿಸಿದ ಕಾರಂತರ ನೆಲದಲ್ಲಿ ಈ ಮಾತಿಗೆ ಉತ್ತರ ಹೇಳುವ ಅಗತ್ಯವಿಲ್ಲ. ಮೂರನೆಯ ಆಕ್ಷೇಪ ಗಟ್ಟಿಯಾದುದು. ಕೃತಿಯನ್ನು ವಸ್ತುವಾಗಿಸಿದರೆ ಅದು ಪ್ರವಾಸಿಗರ ಸರಕಾಗುತ್ತದೆ, ಓದು ಹಿಂದೆ ಸರಿಯುತ್ತದೆ ಎಂಬ ಆತಂಕವದು. ಇದಕ್ಕೆ ಆಧಾರವಿದೆ. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣವನ್ನು 2020ರಲ್ಲಿ ರೈಲ್ವೆ ಇಲಾಖೆ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿಸಿತು. ಕಾದಂಬರಿಕಾರನ ಕಲ್ಪನೆಯ ಊರಿಗೆ ಕನ್ನಡನಾಡಿನಲ್ಲಿ ಒಂದು ನೆಲೆ ದೊರೆತದ್ದು ಸಂತೋಷವೇ. ಆದರೆ ಆ ನೆಲೆ ದೊರೆತದ್ದು ಆರ್. ಕೆ. ನಾರಾಯಣರ ಪುಟಗಳಿಗಿಂತ ಹೆಚ್ಚಾಗಿ ಶಂಕರ್ ನಾಗ್ ದೂರದರ್ಶನಕ್ಕಾಗಿ ಮಾಡಿದ ಧಾರಾವಾಹಿಯ ನೆನಪಿಗೆ. ಕೋಟತಟ್ಟಿನಲ್ಲಿ ಕಾರಂತರ ಹೆಸರಿನ ಥೀಮ್ ಪಾರ್ಕ್ ಇದೆ. ಲೇಖಕನಿಗೆ ಸ್ಮಾರಕ ಕಟ್ಟುವುದು ಒಳ್ಳೆಯ ಕೆಲಸ. ಕೃತಿಯನ್ನು ಕಟ್ಟಿ ನೋಡುವುದು ಅದರಿಂದ ಬೇರೆಯಾದ ಕೆಲಸ, ಅದಕ್ಕೆ ಓದುವವರು ಬೇಕು. ಆತಂಕಕ್ಕೆ ಪರಿಹಾರ ದೂರ ನಿಲ್ಲುವುದರಲ್ಲಿಲ್ಲ. ಓದುವವರು ದೂರ ನಿಂತ ಕಡೆಗಳಲ್ಲಿಯೇ ಕೃತಿ ಸರಕಾಗುವುದು.

ವಸ್ತುವೂ ಅದರ ಕಥನವೂ ಬೇರ್ಪಟ್ಟರೆ ಏನಾಗುತ್ತದೆಂಬುದಕ್ಕೆ ಬ್ರಹ್ಮಾವರ ತಾಲ್ಲೂಕಿನಲ್ಲಿಯೇ ಉದಾಹರಣೆಯಿದೆ. ಬಾರ್ಕೂರಿಗೆ ಸಮೀಪದ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದಲ್ಲಿ ಕೆಂಪು ಬಳಿದ ನೂರಕ್ಕೂ ಹೆಚ್ಚು ಮರದ ಉರುಗಳಿವೆ. ಕೆಲವು ಆಳೆತ್ತರವನ್ನೂ ಮೀರಿದವು; ಉಪ್ಪಿನಕುದ್ರುವಿನ ಗೊಂಬೆಗೆ ತೀರ ಎದುರು ತುದಿಯ ಮರಗೆಲಸ. 1960ರ ದಶಕದಲ್ಲಿ ಜೀರ್ಣೋದ್ಧಾರವಾಗಿ ಹೊಸ ಉರುಗಳು ಬಂದಾಗ ಹಳೆಯವು ದೆಹ಼ಲಿಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿದವು. ಅಲ್ಲಿ ಅವು ಸುರಕ್ಷಿತವಾಗಿವೆ, ಕಲಾಪ್ರಿಯರು ಬೆರಗಾಗುತ್ತಾರೆ. ಆದರೆ ಯಾವ ಉರು ಯಾವುದರ ಪಕ್ಕದಲ್ಲಿ, ಯಾವ ದಿಕ್ಕಿಗೆ ಮುಖಮಾಡಿ, ಯಾವ ಕಥನಕ್ಕೆ ಸೇರಿ ನಿಂತಿತ್ತೆಂಬ ವ್ಯವಸ್ಥೆ ಮರದೊಂದಿಗೆ ಲಾರಿ ಹತ್ತುವಂಥದಲ್ಲ. ಮೆಕ್ಕೆಕಟ್ಟಿನ ಗುಡಿಯಲ್ಲಿ ಹೊಸ ಉರುಗಳಾದರೂ ನಿಂತು ಆ ವ್ಯವಸ್ಥೆಯನ್ನು ಊರಿನ ನೆನಪಿನಲ್ಲಿ ಉಳಿಸಿವೆ. ಸೂತ್ರದ ಗೊಂಬೆಗೆ ಅಷ್ಟು ಅದೃಷ್ಟವೂ ಇಲ್ಲ. ಗಾಜಿನ ಕಪಾಟಿನಲ್ಲಿ ನೇತುಹಾಕಿದ ಗೊಂಬೆಯಲ್ಲಿ ವೇಷ ಉಳಿಯುತ್ತದೆ, ಬಣ್ಣ ಉಳಿಯುತ್ತದೆ. ದಾರದ ತುದಿಯಲ್ಲಿದ್ದ ಬೆರಳುಗಳ ವಿದ್ಯೆ ಉಳಿಯುವುದಿಲ್ಲ.

ಕನ್ನಡ ಸಂಶೋಧನೆ ಇಲ್ಲಿ ಮಾಡಬಹುದಾದ ಕೆಲಸ ಬೃಹತ್ತಾದುದೇನಲ್ಲ. ಒಂದೇ ಒಂದು ಪ್ರಸಂಗವನ್ನು, ಲಂಕಾದಹನವೇ ಆಗಲಿ, ಪೂರ್ತಿಯಾಗಿ ಗ್ರಂಥಸ್ಥಗೊಳಿಸುವುದು. ಅಚ್ಚಿನ ಪ್ರಸಂಗಪ್ರತಿಯಲ್ಲಿ ದೊರೆಯುವುದು ಪದ್ಯಗಳು ಮಾತ್ರ. ಅರ್ಥ ಆಯಾ ರಾತ್ರಿಯದು. ಮನುಷ್ಯರ ಆಟದಲ್ಲಿ ಅರ್ಥಧಾರಿ ಅದನ್ನು ಎಷ್ಟು ಬೇಕಾದರೂ ಬೆಳೆಸಬಹುದು, ತಾಳಮದ್ದಳೆಯಲ್ಲಿ ಕೇಳುವುದೇ ಬೇಡ. ಗೊಂಬೆಗೆ ಆ ಸ್ವಾತಂತ್ರ್ಯವಿಲ್ಲ. ಮಾತು ಉದ್ದವಾದಷ್ಟೂ ಅದಕ್ಕೆ ಮಾಡಲು ಅಂಗಿಕ ಉಳಿಯುವುದಿಲ್ಲ, ಸುಮ್ಮನೆ ನಿಂತ ಗೊಂಬೆ ಮರದ ತುಂಡಾಗುತ್ತದೆ. ಆದ್ದರಿಂದ ಗೊಂಬೆಯಾಟದ ಅರ್ಥ ಚಲನೆಗೆ ತಕ್ಕಂತೆ ಕತ್ತರಿಸಿದ ಗದ್ಯ; ಕನ್ನಡ ಗದ್ಯದ ಚರಿತ್ರೆಯಲ್ಲಿ ಅದಕ್ಕೊಂದು ಜಾಗ ಸಲ್ಲಬೇಕು. ಪದ್ಯ ಒಂದು ಸಾಲಿನಲ್ಲಿ, ಅದರ ಕೆಳಗೆ ಅರ್ಥ, ಅದರ ಕೆಳಗೆ ಯಾವ ಮಾತಿಗೆ ಯಾವ ದಾರ ಎಷ್ಟು ಎಳೆಯಿತೆಂಬ ಗುರುತು: ಈ ಮೂರು ಸಾಲುಗಳ ಪಠ್ಯ ಸಿದ್ಧವಾದರೆ ಅದು ಏಕಕಾಲಕ್ಕೆ ಸಂಶೋಧಕನಿಗೆ ಆಕರ, ಮೊಬೈಲಿನಲ್ಲಿ ಗೊಂಬೆ ಕುಣಿಸಹೊರಟ ವಿದ್ಯಾರ್ಥಿಗೆ ಪಾಠಪುಸ್ತಕ. ಹಳಗನ್ನಡದ ಓಲೆಗರಿಯ ಪಾಠಾಂತರಗಳನ್ನು ಅಕ್ಷರಕ್ಷರವಾಗಿ ಹೋಲಿಸಿ ಪರಿಷ್ಕರಿಸಿದ ವಿದ್ವತ್ ಪರಂಪರೆಗೆ ಇದು ಅಪರಿಚಿತ ಶಿಸ್ತಲ್ಲ. ಗರಿಯ ಬದಲು ದಾರ, ಲಿಪಿಕಾರನ ಬದಲು ಸೂತ್ರಧಾರ.

ಇದರ ಜೊತೆಗೆ ಎಂ.ಎ. ತರಗತಿಯ ಕಿರುಪ್ರಬಂಧದ ನಿಯಮಗಳನ್ನು ಸ್ವಲ್ಪ ಸಡಿಲಿಸುವ ಧೈರ್ಯವೂ ಬೇಕು. ಅರವತ್ತು ಪುಟಗಳ ಬರವಣಿಗೆಯ ಬದಲು ಮೂವತ್ತು ಪುಟ ಮತ್ತು ಎರಡಡಿ ಅಗಲದ ಪೆಟ್ಟಿಗೆಯೊಂದನ್ನು ಒಪ್ಪಿಸಲು ಅವಕಾಶವಿರಲಿ. ಪೆಟ್ಟಿಗೆಯಲ್ಲಿ ಕೋಡಿಯ ಮನೆ. ಪುಟಗಳಲ್ಲಿ ಪ್ರತಿ ಕಂಬಕ್ಕೂ, ಪ್ರತಿ ಬಾಗಿಲಿಗೂ ಕಾದಂಬರಿಯ ಯಾವ ಭಾಗ ಆಧಾರ, ಆಧಾರ ಸಿಗದ ಕಡೆ ಯಾವ ಊಹೆ, ಆ ಊಹೆಗೆ ಸಮರ್ಥನೆ ಏನು ಎಂಬ ವಿವರ. ನಕಲು ಮಾಡಿ ತರಲಾಗದ ಕಿರುಪ್ರಬಂಧವದು ಎಂಬ ಲಾಭವನ್ನೂ ಅಧ್ಯಾಪಕರು ಗಮನಿಸದೆ ಇರಲಾರರು. ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಪುಟ ತಿರುವುವ ಮೊದಲು ಆ ಪೆಟ್ಟಿಗೆಯ ಮುಂದೆ ಬಾಗಿ, ಮಾಡಿನ ಒಂದು ಮೂಲೆಗೆ ಬೆರಳಿಟ್ಟು, ಇಲ್ಲಿ ಹುಲ್ಲು ಹೊದಿಸಿದ್ದು ಯಾವ ಆಧಾರದ ಮೇಲೆ ಎಂದು ಕೇಳಬೇಕು. ಅದಕ್ಕೆ ಅವರೂ ಕಾದಂಬರಿಯನ್ನು ಹೊಸದಾಗಿ ಓದಿಕೊಂಡು ಬಂದಿರಬೇಕು.